ಅವರಿಗೆ ಎಂಬ ವಿಳಾಸಕ್ಕೆ

ಅತ್ತೆ ತೀರಿಕೊಂಡು ಏಳು ವಾರವಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಸೊಸೆ ಮನೆಯ ಕಂಪ್ಯೂಟರಿನ ಮುಂದೆ ಕೂತು, ಹಿಂದಿನ ದಿನ ಅದರ ಮೇಲೆ ಯಾರು ಏನೇನು ಒತ್ತಿದ್ದಾರೆಂದು ನೋಡುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆ ಐದು ನಿಮಿಷದ ಸಾಲಿನಲ್ಲಿ ಅತ್ತೆಯ ಇಮೇಲ್ ವಿಳಾಸವಿತ್ತು. ಅತ್ತೆ ಬದುಕಿದ್ದಾಗ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಹೊತ್ತೂ ಅದೇ. ಮಾವ ಊಟ ಮುಗಿಸಿ ಗೊರಕೆ ಹೊಡೆಯುವ ಹೊತ್ತು.

ಸೊಸೆಗೆ ಮೈ ಜುಮ್ಮೆಂದಿತು. ಹಿಂದಿರುಗಿ ನೋಡಿದಳು. ಊಟದ ಮೇಜು, ಅದರ ಸುತ್ತ ಐದು ಕುರ್ಚಿ, ಐದನೆಯದರ ಬೆನ್ನಿಗೆ ಇನ್ನೂ ನೇತಾಡುತ್ತಿದ್ದ ಅತ್ತೆಯ ಬೂದು ಶಾಲು. ಅದನ್ನು ಯಾರೂ ತೆಗೆದಿರಲಿಲ್ಲ. ಯಾರಾದರೂ ತೆಗೆಯಲಿ ಎಂದು ನಾಲ್ವರೂ ಕಾಯುತ್ತಿದ್ದರು.

ಇದು ಸೊಸೆಯ ನೌಕರಿಯಿಂದ ಬಂದ ತಲೆನೋವು. ಅವಳ ಆಫೀಸು ಬೇರೆ ಕಂಪನಿಗಳು ಕೊಳ್ಳುವ ತಂತ್ರಾಂಶಗಳನ್ನು ಮೊದಲೇ ಪರೀಕ್ಷಿಸಿ ಹೇಳುತ್ತಿತ್ತು. ಮನೆಯಿಂದ ಕೆಲಸ ಮಾಡುವ ನೌಕರರಿಗೆ ಒಂದು ಸುರಕ್ಷಿತ ಬ್ರೌಸರ್ ಆರಿಸಿಕೊಡಿ ಎಂದು ಒಂದು ವಿಮಾ ಸಂಸ್ಥೆ ಕೇಳಿತ್ತು. ಕಂಪ್ಯೂಟರಿನೊಳಗೆ ಕೀಲಾಗರ್ ಎಂಬ ಕಳ್ಳ ತಂತ್ರಾಂಶ ಹೊಕ್ಕರೆ, ಕೀಲಿಮಣೆಯ ಮೇಲೆ ಬೆರಳಿಟ್ಟ ಪ್ರತಿ ಅಕ್ಷರವನ್ನೂ ಅದು ಗುಟ್ಟಾಗಿ ಬರೆದಿಡುತ್ತದೆ. ಅಳಿಸಿದ್ದನ್ನೂ ಬಿಡುವುದಿಲ್ಲ. ಒಳ್ಳೆಯ ಬ್ರೌಸರ್ ಆದರೆ ಆ ಕಳ್ಳನ ಕೈಗೆ ಬರೀ ಗೊಡ್ಡು ಗುರುತುಗಳನ್ನು ಕೊಟ್ಟು ಕಳಿಸಬೇಕು. ಅಂಥ ನಾಲ್ಕು ಬ್ರೌಸರ್‌ಗಳಲ್ಲಿ ಯಾವುದು ನಂಬಿಕಸ್ಥ ಎಂದು ನೋಡಲು ಕಳ್ಳನನ್ನು ತಾವೇ ಕರೆದು ಮನೆಯಲ್ಲಿ ಕೂರಿಸಬೇಕು. ಸೊಸೆ ಕೂರಿಸಿದ್ದಳು, ಮೂರು ತಿಂಗಳ ಹಿಂದೆ.

ಆಫೀಸಿನ ಕಂಪ್ಯೂಟರಿನಲ್ಲೇ ಮಾಡಬಹುದಿತ್ತು. ಆದರೆ ನಾಲ್ಕು ಬಗೆಯ ಜನ ನಾಲ್ಕು ಬಗೆಯಲ್ಲಿ ಒತ್ತುವ ಮನೆಯ ಯಂತ್ರದಲ್ಲಿ ಪರೀಕ್ಷೆ ಚೆನ್ನಾಗಿ ಆಗುತ್ತದೆಂದು ಅವಳಿಗೆ ಅನಿಸಿತು. ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ಎಲ್ಲರೂ ನೋಡಿ ನೋಡಿ ಒತ್ತುತ್ತಾರೆ, ಆಗ ಅದೆಂಥ ಪರೀಕ್ಷೆ? ‘ಈ ಯಂತ್ರ ಬಳಸುವ ಎಲ್ಲರಿಗೂ ತಿಳಿಸಲಾಗಿದೆಯೇ’ ಎಂದು ಆಫೀಸಿನ ಕಾಗದ ಕೇಳಿದಲ್ಲಿ ‘ಹೌದು’ ಎಂದು ಗುರುತು ಹಾಕಿದಳು. ವಾರಕ್ಕೊಂದು ಬ್ರೌಸರ್ ಹಾಕಿ, ಈ ವಾರ ಕೆಂಪು ಒತ್ತಿ, ಈ ವಾರ ಹಸಿರು ಒತ್ತಿ ಎಂದು ಮಾತ್ರ ಹೇಳಿದಳು. ಕೆಂಪು ಬ್ರೌಸರಿನಲ್ಲಿ, ಮೇಲೆ ವಿಳಾಸ ಬರೆಯುವ ಪಟ್ಟಿಯಲ್ಲಿ ಒತ್ತಿದ್ದು ಕಳ್ಳನಿಗೆ ಸೋರುತ್ತಿತ್ತು. ಹಸಿರಿನದು ಆಮೆ ನಡಿಗೆ. ನೀಲಿ ತನ್ನನ್ನು ತಾನು ಹೊಸದು ಮಾಡಿಕೊಳ್ಳುವ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು ನಿದ್ದೆ ಹೋಗುತ್ತಿತ್ತು. ಅತ್ತೆ ಮಾತ್ರ ಯಾವ ಬಣ್ಣಕ್ಕೂ ಬಗ್ಗಲಿಲ್ಲ. “ನಂಗೆ ಹಳೇದೇ ಸಾಕಮ್ಮ, ಅದರ ಮುಖ ಪರಿಚಯ ಇದೆ” ಎಂದು ಹಳೆಯದರಲ್ಲೇ ಕೂತರು.

ಬೂದು ಬಣ್ಣದ್ದು ಬಾಕಿಯಿದ್ದಾಗ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಯಾರಿಗೆ ಪರೀಕ್ಷೆ ನೆನಪು? ಸೊಸೆ ರಜೆ ಹಾಕಿದಳು. ಅತ್ತೆ ಹೋದರು. ಕಳ್ಳನನ್ನು ತೆಗೆಯುವುದು ಮರೆತೇಹೋಯಿತು. ಅವನು ತನ್ನ ಪಾಡಿಗೆ ಬರೆಯುತ್ತಲೇ ಇದ್ದ.

ಈಗ ಆಫೀಸು ಮುಂದಿನ ವಾರದ ಶುಕ್ರವಾರದ ಗಡುವು ಕೊಟ್ಟಿತ್ತು. ವರದಿಯ ಜೊತೆ ಕಳ್ಳ ಬರೆದಿಟ್ಟ ಕಡತವನ್ನೂ ಇದ್ದ ಹಾಗೆಯೇ ಕಳಿಸಬೇಕು, ಒಂದಕ್ಷರ ತೆಗೆಯದೆ.

ಮೂರು ಗಂಟೆಯವರು ಯಾರೆಂಬುದು ಆ ದಿನವೇ ಗೊತ್ತಾಯಿತು. ಸೊಸೆ ಮನೆಯಿಂದಲೇ ಕೆಲಸ ಮಾಡುವ ದಿನ ಅದು. ಮೂರಕ್ಕೆ ಮಾವ ಕೋಣೆಯಿಂದ ಎದ್ದು ಬಂದರು. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ಬೆರಳುಗಳು ಸ್ಪ್ಯಾನರ್ ಹಿಡಿದು ದಪ್ಪಗಾಗಿದ್ದವು. ಕಂಪ್ಯೂಟರನ್ನು ಜನ್ಮದಲ್ಲಿ ಮುಟ್ಟದವರು ಈಗ ಎರಡೇ ಬೆರಳಲ್ಲಿ ಕುಕ್ಕುತ್ತಾ ಕೂತರು. ಹದಿಮೂರರ ಮೊಮ್ಮಗಳು ಶಾಲೆಯಿಂದ ಬಂದು ಚೀಲ ಎಸೆದಳು. ಬಾಯಿ ಮುಚ್ಚದ ಹುಡುಗಿಯಾದ್ದರಿಂದ ಮನೆಯವರೆಲ್ಲ ಅವಳನ್ನು ಗಿಣಿ ಎನ್ನುತ್ತಿದ್ದರು.

“ಅಜ್ಜಾ, ದಿನಾ ಏನ್ ಮಾಡ್ತೀರ ಇಲ್ಲಿ?”

“ನಿಂಗ್ಯಾಕೆ ಅದೆಲ್ಲ? ಹೋಗು, ಕೈ ತೊಳ್ಕೊ.”

ಅದು ಮಾವನ ಎಲ್ಲ ಕಾಲಕ್ಕೂ ಒದಗುವ ಮಾತು. ಊಟಕ್ಕೆ ಯಾಕೆ ತಡ ಎಂದರೂ ಅದೇ, ಕಾಲಿಗೆ ಏನಾಯಿತು ಎಂದರೂ ಅದೇ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬೇರೆಯವರು ಕೆಮ್ಮುವ ಹಾಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಅವರು ಎದ್ದು ಹೋದ ಮೇಲೆ ಸೊಸೆ ಕಡತ ತೆರೆದಳು. ಮಾವ ಅತ್ತೆಯ ಹಳೆಯ ಬ್ರೌಸರಿನಲ್ಲೇ ಕೂತು ಅವರ ಅಂಚೆಪೆಟ್ಟಿಗೆಯ ಪಾಸ್‌ವರ್ಡ್ ಹುಡುಕುತ್ತಿದ್ದರು. ಅತ್ತೆ ಹೋದ ಎಂಟನೆಯ ದಿನದಿಂದ ಶುರು. ದಿನಕ್ಕೆ ಐದು ಸಲ ತಪ್ಪಾದರೆ ಬಾಗಿಲು ಹಾಕಿಕೊಳ್ಳುತ್ತಿತ್ತು, ಹಾಗಾಗಿ ದಿನಕ್ಕೆ ಐದೇ. ಮದುವೆಯ ವರ್ಷ. ಮಗನ ಮುದ್ದಿನ ಹೆಸರು. ಮೊದಲು ಬಾಡಿಗೆಗಿದ್ದ ಮಹಡಿಯ ಬೀದಿ. ಅತ್ತೆ ಸಾಕಿದ್ದ ಕುಂಟು ಬೆಕ್ಕು. ಒಂದು ಹೆಣ್ಣು ಹೆಸರು, ಪಕ್ಕದಲ್ಲೇ ಹುಟ್ಟಿದ ಮೂರನೇ ದಿನಕ್ಕೆ ಹೋದ ಹೆಣ್ಣುಮಗುವಿನ ವರ್ಷ. ಆ ಮಗುವಿಗೆ ಹೆಸರಿಟ್ಟಿದ್ದರೆಂಬುದೇ ಸೊಸೆಗೆ ಗೊತ್ತಿರಲಿಲ್ಲ. ‘ಚಿನ್ನ’. ‘ನನ್ನಚಿನ್ನ’. ಮಾವನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಇನ್ನೂರಕ್ಕೂ ಹೆಚ್ಚು ತಪ್ಪು ಪದಗಳು ಒಂದರ ಕೆಳಗೊಂದು ನಿಂತಿದ್ದವು.

ಯಾಕೆ ಹುಡುಕುತ್ತಿದ್ದಾರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅತ್ತೆಯ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮಾವನನ್ನೂ ಮಗನನ್ನೂ ಹೊರಗೆ ಕರೆದು ಹೇಳಿದ್ದರು. ಮಾವ ಅದನ್ನು ಅತ್ತೆಗೆ ಹೇಳಕೂಡದೆಂದು ಮನೆಯವರಿಂದೆಲ್ಲ ಮಾತು ತೆಗೆದುಕೊಂಡಿದ್ದರು. ಹೊಟ್ಟೆಹುಣ್ಣು, ಪಥ್ಯ ಮಾಡಿದರೆ ಹೋಗುತ್ತದೆ ಎಂದು ನಾಲ್ವರೂ ಕೊನೆಯವರೆಗೆ ನಾಟಕವಾಡಿದರು. ಈಗ ವಾರಕ್ಕೊಮ್ಮೆಯಾದರೂ ಊಟಕ್ಕೆ ಕೂತಾಗ ಮಾವ ತಟ್ಟೆ ನೋಡುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅವಳಿಗೆ ಗೊತ್ತಿತ್ತೇನೋ?” ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ ತನ್ನ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾ, “ಇಲ್ಲಪ್ಪ, ಹೇಗ್ ಗೊತ್ತಿರತ್ತೆ?” ಎನ್ನುತ್ತಿದ್ದ. ಅನ್ನ ತಣ್ಣಗಾಗುತ್ತಿತ್ತು.

ಪೆಟ್ಟಿಗೆ ತೆರೆದರೆ ಉತ್ತರ ಸಿಗುತ್ತದೆಂದು ಮಾವನ ನಂಬಿಕೆ. ಆ ಪೆಟ್ಟಿಗೆಯ ಬೀಗದ ಕೈ ಸೊಸೆಯ ಕಡತದಲ್ಲಿತ್ತು. ಅತ್ತೆ ಹಾಸಿಗೆ ಹಿಡಿಯುವ ಮುಂಚಿನ ಸಾಲುಗಳಿಗೆ ಹೋದಳು. ಮೂರು ಗಂಟೆ ಹತ್ತು ನಿಮಿಷ, ಅತ್ತೆಯ ವಿಳಾಸ, ಅದರ ಕೆಳಗೆ ಪಾಸ್‌ವರ್ಡ್. ಅದನ್ನು ಒಂದು ಚೀಟಿಯಲ್ಲಿ ಬರೆದು ಚೀಲಕ್ಕೆ ಹಾಕಿಕೊಂಡಳು. ಅದರ ಕೆಳಗೆ ಅತ್ತೆ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡವಿತ್ತು. ಓದಬಾರದು ಎಂದುಕೊಂಡೇ ನಾಲ್ಕು ಸಾಲು ಓದಿದಳು. ನಾಲ್ಕನೆಯ ಸಾಲಿಗೆ ಪರದೆ ಆರಿಸಿ, ಎದ್ದು ಹೋಗಿ ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ಮೂರನೆಯ ದಿನ ಗಂಡನಿಗೆ ಹೇಳಿದಳು. ಭಾನುವಾರಕ್ಕೆ ಕಾಯಲಾಗಲಿಲ್ಲ, ಬೆಳಿಗ್ಗೆ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗಲೇ ಹೇಳಿಬಿಟ್ಟಳು. ಮಾವ ಕೆಳಗೆ ನಡೆದಾಡಲು ಹೋಗಿದ್ದರು.

ಅವನು ಚಾಕು ಕೆಳಗಿಟ್ಟ. “ನಾವು ಒತ್ತಿದ್ದೆಲ್ಲ ನೀನು ಓದ್ತಿದ್ಯಾ?”

“ಓದಿಲ್ಲ. ಇತ್ತು ಅಷ್ಟೆ.”

“ಬೇರೆಯವರ ಮನೆಗೆ ಕಳ್ಳ ಬರ್ದೇ ಇರ್ಲಿ ಅಂತ ನಮ್ಮನೇಲಿ ಕಳ್ಳನ್ನ ಸಾಕಿದ್ಯಾ?”

ಅವನು ಸಿಟ್ಟಿನಲ್ಲಿ ಇನ್ನೂ ಏನೇನೋ ಅಂದ. ಆಫೀಸಿನ ಕಾಗದದ ವಿಷಯ ಕೇಳಿ ಇನ್ನಷ್ಟು ಅಂದ. ಕೊನೆಗೆ, ಅಳಿಸಿಬಿಡು, ಹೋದವರ ಗುಟ್ಟು ಅವರ ಜೊತೆಗೇ ಹೋಗಲಿ, ಅಪ್ಪನಿಗೆ ಹೇಳಬೇಡ ಎಂದ. ಇನ್ನು ಎರಡು ತಿಂಗಳಲ್ಲಿ ಅವರು ಹುಡುಕುವುದನ್ನು ತಾವೇ ಬಿಡುತ್ತಾರೆ. ಅಷ್ಟು ಹೇಳಿ ಕನ್ನಡಕ ತೆಗೆದ.

“ಒರೆಸ್ಬೇಡಿ,” ಎಂದಳು ಸೊಸೆ. “ಅತ್ತೆಗೆ ಗೊತ್ತಿತ್ತು.”

ಕನ್ನಡಕ ಅವನ ಕೈಯಲ್ಲೇ ಉಳಿಯಿತು. ಏನು ಗೊತ್ತಿತ್ತು, ಎಷ್ಟು ಗೊತ್ತಿತ್ತು, ಯಾವಾಗಿನಿಂದ ಎಂದು ಅವನು ಕೇಳಲಿಲ್ಲ. ಅರ್ಧ ಸವರಿದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಅಂಗಡಿಗೆ ಹೋದ. ಆಮೇಲೆ ನಾಲ್ಕು ದಿನ ಗಂಡ ಹೆಂಡತಿಯ ನಡುವೆ ಮಾತೆಲ್ಲ ಗಿಣಿಯ ಮೂಲಕ ಓಡಾಡಿತು. ಉಪ್ಪು ಕೊಡು ಎಂದು ಅಪ್ಪ ಅವಳಿಗೆ ಹೇಳಬೇಕು, ಅವಳು ಅಮ್ಮನಿಗೆ ಹೇಳಬೇಕು. “ನಾನೇನು ಟೆಲಿಫೋನಾ?” ಎಂದು ಗಿಣಿ ಎರಡನೆಯ ದಿನವೇ ಗೊಣಗಿದಳು.

ಆ ವಾರ ಮನೆಯಲ್ಲಿ ಅತ್ತೆ ಎಲ್ಲ ಕಡೆ ಇದ್ದರು. ಸೊಸೆ ಬೇಳೆಯ ಡಬ್ಬಿ ತೆಗೆದರೆ ಮುಚ್ಚಳದ ಮೇಲೆ ಅವರ ಕೈಬರಹ. ಕೀಲಿಮಣೆಯ ಮೇಲೆ ಕೈಯಿಟ್ಟರೆ, ಅವರು ಒತ್ತಿ ಒತ್ತಿ ಅಕ್ಷರ ಮಾಸಿದ ಕೀಲಿಗಳು. ಮಧ್ಯಾಹ್ನ ಮೂರಾದರೆ ಟಕ್, ಟಕ್ ಎಂದು ಎರಡು ಬೆರಳಿನ ಸದ್ದು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಟಕ್. ಐದು ಸಲ ಮುಗಿದ ಮೇಲೆ ಕುರ್ಚಿ ಹಿಂದೆ ಸರಿಯುವ ಸದ್ದು. ಹೊರಗೆ ಕಟ್ಟಡದ ಲಿಫ್ಟು ಕಿರ್ರೆಂದು ಮೇಲೆ ಬಂದು, ಯಾರೂ ಇಳಿಯದೆ ಹಾಗೇ ಕೆಳಗೆ ಹೋಗುತ್ತಿತ್ತು. “ಬ್ರೇಕ್ ಸವೆದಿದೆ” ಎನ್ನುತ್ತಿದ್ದರು ಮಾವ, ಯಾರಿಗೂ ಅಲ್ಲ.

ಮುಂದಿನ ವಾರದ ಗುರುವಾರ, ಗಡುವಿನ ಹಿಂದಿನ ದಿನ, ಸೊಸೆ ಆಫೀಸಿನಲ್ಲಿ ಕೂತು ವರದಿ ಬರೆದಳು. ಕಡತವನ್ನು ಲಗತ್ತಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಅತ್ತೆಯ ಮಾತು, ಮಾವನ ಇನ್ನೂರು ಪದ, ಹೋದ ಮಗುವಿನ ಹೆಸರು, ಎಲ್ಲ ಯಾರೋ ಪರಿಶೀಲಕರ ಮೇಜಿಗೆ ಹೋಗುತ್ತದೆ. ಗುಂಡಿ ಒತ್ತಲಿಲ್ಲ. ಎದ್ದು ಮೇಲಿನವರ ಕೋಣೆಗೆ ಹೋಗಿ, ಕಾಗದದ ಮೇಲೆ ತಾನು ಹಾಕಿದ ‘ಹೌದು’ ಸುಳ್ಳು, ಮನೆಯವರಿಗೆ ಹೇಳಿರಲಿಲ್ಲ, ಕಡತ ಕೊಡಲಾರೆ ಎಂದಳು. ಅವರು ಕೂಗಾಡಲಿಲ್ಲ. ಲಿಖಿತ ಎಚ್ಚರಿಕೆ ಕೊಟ್ಟರು, ಬೂದು ಬ್ರೌಸರಿನ ಪರೀಕ್ಷೆ ಮೊದಲಿನಿಂದ ಮಾಡಲು ಮೂರು ವಾರ ಕೊಟ್ಟರು. ಈ ಸಲ ಬಳಸುವವರ ಸಹಿ ಬೇಕು ಎಂದರು. ಎರಡು ಗಂಟೆಗೆ ಅವಳು ಮನೆಯ ಬಸ್ಸು ಹತ್ತಿದಳು.

ಮಾವ ಆಗಲೇ ಕೂತಿದ್ದರು. ಆ ದಿನದ ಮೂರನೆಯ ಪದ ನಡೆಯುತ್ತಿತ್ತು. ಸೊಸೆ ಊಟದ ಮೇಜಿನಿಂದ ಕುರ್ಚಿ ಎಳೆದುಕೊಂಡಳು. ಎಳೆದದ್ದು ಐದನೆಯದು ಎಂದು ಕೂತ ಮೇಲೆ ಗೊತ್ತಾಯಿತು. ಶಾಲು ಬೆನ್ನಿಗೆ ತಾಗಿತು.

“ಮಾವ, ನಾನೊಂದು ತಪ್ಪು ಮಾಡಿದೀನಿ.”

ಎಲ್ಲ ಹೇಳಿದಳು. ಕಳ್ಳ ತಂತ್ರಾಂಶ, ಕಾಗದದ ಸುಳ್ಳು, ಆಫೀಸು ಈಗ ಕೇಳಿದ ಸಹಿ, ಮೂರು ತಿಂಗಳ ಕಡತ, ಅವರ ಇನ್ನೂರು ಪದಗಳನ್ನು ಓದಿದ್ದು. ಗಿಣಿ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿದರೂ ನಿಲ್ಲಿಸಲಿಲ್ಲ. ಮಾವನ ಕಿವಿ ಕೆಂಪಾದವು. ‘ನನ್ನಚಿನ್ನ’ ನೆನಪಾಗಿರಬೇಕು. ಬೈಯುತ್ತಾರೆಂದು ಅವಳು ಕಾದಳು.

“ಅವಳು ಬರೆದದ್ದೂ ಇದ್ಯಾ?”

“ಇದೆ ಮಾವ. ನಾಲ್ಕು ಸಾಲು ಓದ್ಬಿಟ್ಟೆ. ಮುಂದಿಂದು ಓದಿಲ್ಲ. ಅದು ನಿಮಗೆ ಬರೆದದ್ದು.”

ಅವಳು ಚೀಲದಿಂದ ಚೀಟಿ ತೆಗೆದು ಕೊಟ್ಟಳು. ಮಾವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡರು. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದಿತ್ತು: ನಿಂಗ್ಯಾಕೆಅದೆಲ್ಲ.

“ಇದು ಅವಳ ಪಾಸ್‌ವರ್ಡಾ?”

“ಹೌದು ಮಾವ.”

“ಇದೆಂಥ ಮಾತು ಇದು? ಯಾರು ಹೇಳ್ತಾರೆ ಹೀಗೆ?”

ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ಸೊಸೆ ತಲೆ ತಗ್ಗಿಸಿದಳು. ಬಾಗಿಲಿನಿಂದ ಗಿಣಿ, ಎಂದೂ ಇಲ್ಲದಷ್ಟು ಮೆಲ್ಲಗೆ, “ನೀವೇ ಅಜ್ಜ. ದಿನಾ ಹೇಳ್ತೀರ” ಎಂದಳು.

ಮಾವ ಚೀಟಿಯನ್ನು ಮಡಿಸಿದರು, ಬಿಡಿಸಿದರು. ಅಜ್ಜಿಗೆ ಇಮೇಲ್ ಮಾಡಿಕೊಟ್ಟದ್ದು ತಾನೇ ಎಂದು ಗಿಣಿ ಹೇಳಿದಳು. ಪಾಸ್‌ವರ್ಡ್ ಹಾಕುವಾಗ ಅಜ್ಜಿ ‘ಆಚೆ ನೋಡು’ ಎಂದಿದ್ದರಂತೆ. ಮರೆತುಹೋದರೆ ಎಂದು ಕೇಳಿದ್ದಕ್ಕೆ, ‘ಇದು ಮರೆಯೋ ಅಂಥದ್ದಲ್ಲ, ದಿನಕ್ಕೆ ಹತ್ತು ಸಲ ಕೇಳ್ತೀನಿ’ ಎಂದು ನಕ್ಕಿದ್ದರಂತೆ.

ಸೊಸೆ ಬೂದು ಬ್ರೌಸರ್ ತೆರೆದುಕೊಟ್ಟಳು. ಹಳೆಯ ಕಡತವನ್ನು ಅವರ ಕಣ್ಣೆದುರಿಗೇ ಅಳಿಸಿದಳು. ಕಳ್ಳನನ್ನೂ ತೆಗೆಯಹೊರಟಾಗ ಮಾವ ತಡೆದರು.

“ಇದ್ರಲ್ಲಿ ಬರೆದ್ರೆ ಅವನಿಗೆ ಕಾಣಲ್ಲ ಅಂತೀಯಲ್ಲ, ಖಾತ್ರಿನಾ?”

“ಅದನ್ನೇ ನೋಡ್ಬೇಕು ಮಾವ.”

“ಹಾಗಾದ್ರೆ ಇರ್ಲಿ ಬಿಡು. ನನ್ ಮೇಲೆ ನೋಡು. ಸಹಿ ಎಲ್ಲಿ ಹಾಕ್ಬೇಕು?”

ಮೂವತ್ತೈದು ವರ್ಷ, ಲಿಫ್ಟಿನ ರಿಪೇರಿ ಮುಗಿದ ಮೇಲೆ ಮೊದಲು ತಾವೇ ಹತ್ತಿ ಮೇಲೆ ಕೆಳಗೆ ಓಡಾಡಿ ಆಮೇಲೆ ಜನರನ್ನು ಬಿಡುತ್ತಿದ್ದ ಮನುಷ್ಯ. ಸಹಿ ಹಾಕಿದರು. ಆಮೇಲೆ ಎರಡು ಬೆರಳಲ್ಲಿ ಹೆಂಡತಿಯ ವಿಳಾಸ ಕುಕ್ಕಿ, ಚೀಟಿ ನೋಡಿ ನೋಡಿ, ತಮ್ಮದೇ ಮಾತನ್ನು ಅಕ್ಷರ ಅಕ್ಷರವಾಗಿ ಒತ್ತಿದರು. ಪೆಟ್ಟಿಗೆ ತೆರೆಯಿತು.

ಬಂದ ಪತ್ರ ಒಂದೂ ಇರಲಿಲ್ಲ, ಕಳಿಸಿದ್ದೂ ಇರಲಿಲ್ಲ. ಕಳಿಸದೆ ಉಳಿದವು ನೂರ ಅರವತ್ತಮೂರು. ಯಾರಿಗೆ ಎಂಬಲ್ಲಿ ಎಲ್ಲದರಲ್ಲೂ ಒಂದೇ ಪದ: ‘ಅವರಿಗೆ’. ಗಂಡನ ಹೆಸರು ಹೇಳಿ ಅಭ್ಯಾಸವಿಲ್ಲದ ಅತ್ತೆ ಅಲ್ಲಿಯೂ ಹೇಳಿರಲಿಲ್ಲ. ಆ ವಿಳಾಸಕ್ಕೆ ಯಾವ ಟಪಾಲೂ ಹೋಗುವುದಿಲ್ಲ. ಎಲ್ಲವೂ ಅಲ್ಲೇ ಕೂತಿದ್ದವು.

ಮಾವ ಎಲ್ಲರನ್ನೂ ಹೊರಗೆ ಕಳಿಸಲಿಲ್ಲ. ಗಿಣಿಯನ್ನೇ ಕರೆದು ಓದಲು ಹೇಳಿದರು, ಇಂಗ್ಲಿಷ್ ಅಕ್ಷರದ ಕನ್ನಡ ಅವರಿಗೆ ಹತ್ತುತ್ತಿರಲಿಲ್ಲ. ಒಂದೊಂದು ಪತ್ರದಲ್ಲಿ ಒಂದೊಂದೇ ಪ್ರಶ್ನೆ. ಲಿಫ್ಟಿಗೆ ತಾನು ಯಾವ ಮಹಡಿಯಲ್ಲಿದ್ದೇನೆ ಎಂದು ಹೇಗೆ ಗೊತ್ತಾಗುತ್ತೆ? ಹಗ್ಗ ಹರಿದರೆ ನಿಜವಾಗಲೂ ಬೀಳುತ್ತಾ? ಮಗು ಹೋದಾಗ ನೀವು ಹದಿನೈದು ದಿನ ಗೋಡೆ ನೋಡಿಕೊಂಡು ಕೂತಿದ್ದಿರಲ್ಲ, ಆಗ ನನ್ನ ಜೊತೆ ಯಾಕೆ ಮಾತಾಡಲಿಲ್ಲ? ನಾನು ಮಾಡಿದ ಅಡುಗೆಯಲ್ಲಿ ನಿಮಗೆ ಯಾವುದು ಇಷ್ಟ? ಡಾಕ್ಟರು ನಿಮ್ಮನ್ನು ಹೊರಗೆ ಕರೆದು ಏನು ಹೇಳಿದರು?

ಗಿಣಿ ಅಲ್ಲಿ ಓದು ನಿಲ್ಲಿಸಿ ಅಜ್ಜನ ಮುಖ ನೋಡಿದಳು. ಮಾವ ಕೈಯಾಡಿಸಿ ಮುಂದೆ ಎಂದರು. ಕೊನೆಯ ಪತ್ರ ಅತ್ತೆ ಹಾಸಿಗೆ ಹಿಡಿಯುವ ಹಿಂದಿನ ದಿನದ್ದು. ಅದೊಂದರಲ್ಲಿ ಮಾತ್ರ ಪ್ರಶ್ನೆ ಇರಲಿಲ್ಲ.

‘ನನಗೆ ಗೊತ್ತು. ನಿಮಗೆ ಗೊತ್ತಿದೆ ಅಂತಲೂ ಗೊತ್ತು. ಮಗನಿಗೆ ಸುಳ್ಳು ಹೇಳೋಕೆ ಬರಲ್ಲ, ಕನ್ನಡಕ ಒರೆಸ್ತಾ ನಿಲ್ತಾನೆ. ನೀವು ಈಗ ಹೇಳಬೇಡಿ. ಹೇಳಿದರೆ ಅಳ್ತೀರಿ, ಆಮೇಲೆ ನಾನೇ ಸಮಾಧಾನ ಮಾಡಬೇಕು. ನನಗೆ ಅಷ್ಟು ಶಕ್ತಿ ಇಲ್ಲ. ಆದರೂ ಒಂದು ಸಲ ನೀವಾಗಿ ಹೇಳಿದ್ದರೆ ಚೆನ್ನಾಗಿತ್ತು.’

ಸಂಜೆ ಅಂಗಡಿಯಿಂದ ಬಂದ ಮಗನಿಗೆ ಅದನ್ನೇ ಗಿಣಿ ಓದಿ ಹೇಳಿದಳು. ಅವನು ಕನ್ನಡಕಕ್ಕೆ ಕೈ ಹಾಕಿ, ಕೈ ಇಳಿಸಿದ. ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಯ ಪಕ್ಕ ನಿಂತು, ಯಾರೂ ಹೇಳದೆ ಆಲೂಗಡ್ಡೆ ಸಿಪ್ಪೆ ತೆಗೆಯಲು ಶುರುಮಾಡಿದ. ಅಳುತ್ತಿದ್ದ, ಸಿಪ್ಪೆ ದಪ್ಪ ದಪ್ಪ ಬರುತ್ತಿತ್ತು. ಅವಳು ಇನ್ನೊಂದು ಆಲೂಗಡ್ಡೆ ಅವನ ಮುಂದಿಟ್ಟಳು.

ಮರುದಿನದಿಂದ ಮೂರು ವಾರ, ಮೂರು ಗಂಟೆಗೆ ಮಾವ ಉತ್ತರ ಬರೆದರು. ಗಿಣಿ ಕನ್ನಡ ಕೀಲಿಮಣೆ ಹಾಕಿಕೊಟ್ಟಿದ್ದಳು. ಪ್ರತಿ ಸಂಜೆ ಸೊಸೆ ಕಡತ ನೋಡಿದಳು. ಬೂದು ಬ್ರೌಸರ್ ಕಳ್ಳನಿಗೆ ಒಂದು ಅಕ್ಷರವನ್ನೂ ಬಿಟ್ಟುಕೊಟ್ಟಿರಲಿಲ್ಲ. ಒತ್ತಿದ ಕೀಲಿಗೊಂದು × ಎಂಬ ಕತ್ತರಿ ಗುರುತು, ಅಷ್ಟೆ. ಸಾಲು ಸಾಲು ಕತ್ತರಿ ಗುರುತುಗಳು. ಒಂದೇ ಲೋಪ: ಅಳಿಸುವ ಕೀಲಿಯನ್ನು ಮಾತ್ರ ಅದು ಮುಚ್ಚಿಡುತ್ತಿರಲಿಲ್ಲ. ಅದನ್ನು ಅವಳು ವರದಿಗೆಂದು ಗುರುತು ಮಾಡಿಕೊಂಡಳು.

ಹಾಗಾಗಿ ಮಾವ ಏನು ಬರೆದರೆಂದು ಗೊತ್ತಾಗದಿದ್ದರೂ, ಏನನ್ನೋ ಬರೆದು ಅಳಿಸುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಮೊದಲ ದಿನಗಳಲ್ಲಿ ಉದ್ದುದ್ದ ಸಾಲುಗಳು. ಲಿಫ್ಟಿನ ವಿಷಯ ಇರಬೇಕು. ಎರಡನೆಯ ವಾರ ಕಡಿಮೆಯಾದವು. ಮೂರನೆಯ ವಾರ ಪ್ರತಿದಿನ ಹೆಚ್ಚುಕಡಿಮೆ ಒಂದೇ ಅಳತೆಯ ಮೂವತ್ತು ನಲವತ್ತು ಗುರುತು, ಆಮೇಲೆ ಅಷ್ಟೇ ಅಳಿಸುವಿಕೆ. ಮರುದಿನ ಮತ್ತೆ ಅಷ್ಟು, ಮತ್ತೆ ಪೂರ್ತಿ ಅಳಿಸಿದ್ದು. ಆ ಹೊತ್ತಿನಲ್ಲಿ ಅವರ ಬೆನ್ನನ್ನು ನೋಡಲು ಸೊಸೆಗೆ ಭಯವಾಗುತ್ತಿತ್ತು. ಎದುರಿಗೆ ಯಾರೋ ಕೂತು ಕಾಯುತ್ತಿದ್ದಾರೆಂಬಂತೆ ಅವರು ಮಧ್ಯೆ ಮಧ್ಯೆ ತಲೆಯೆತ್ತಿ ಪರದೆಯ ಆಚೆ ನೋಡುತ್ತಿದ್ದರು.

ಪರೀಕ್ಷೆಯ ಕೊನೆಯ ದಿನದ ಸಾಲಿನಲ್ಲಿ ಐವತ್ತೆರಡು ಗುರುತುಗಳಿದ್ದವು. ಒಂದೂ ಅಳಿಸಿರಲಿಲ್ಲ.

ರಾತ್ರಿ ಊಟಕ್ಕೆ ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಅನ್ನ. ಮಾವ ಎರಡನೆಯ ಸಲ ಬಡಿಸಿಕೊಂಡರು, ಬಹಳ ದಿನದ ಮೇಲೆ. ಐದನೆಯ ಕುರ್ಚಿಯ ಶಾಲು ಈಗ ಅವರ ಹೆಗಲ ಮೇಲಿತ್ತು. ಗಿಣಿ ತಡೆಯಲಾರದೆ ಕೇಳಿಯೇಬಿಟ್ಟಳು.

“ಅಜ್ಜಾ, ಇವತ್ತು ಅಜ್ಜಿಗೆ ಏನ್ ಬರೆದ್ರಿ?”

ಮಾವನ ಬಾಯಿ ಎಂದಿನಂತೆ ತೆರೆಯಿತು. ಎಂದಿನ ಮಾತು ನಾಲಗೆಯ ತುದಿಗೆ ಬಂದದ್ದು ಮೂವರಿಗೂ ಕಂಡಿತು. ಮಗ ತಟ್ಟೆಯಿಂದ ಕೈಯೆತ್ತಿದ, ಸೊಸೆ ಸೌಟು ಹಿಡಿದು ನಿಂತಳು. ಮಾವ ಬಾಯಿ ಮುಚ್ಚಿಕೊಂಡರು. ನೀರು ಕುಡಿದರು.

“ಡಾಕ್ಟರು ಏನು ಹೇಳಿದ್ರು ಅಂತ ನಿಮ್ಮಜ್ಜಿ ಕೇಳಿದ್ಲಲ್ಲ,” ಎಂದರು. “ಹೇಳಿದೆ.”